ತಕ್ಕಡಿಯೂ ನ್ಯಾಸವೂ

ಜೀವನಾಂಶವನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ನೀಡಿದ ತೀರ್ಪು ಶ್ರಾವಕರೂ ಓದತಕ್ಕದ್ದು. ಪತಿಪತ್ನಿಯರಿಬ್ಬರೂ ಆಸ್ತಿ, ಆದಾಯ, ಸಾಲಗಳನ್ನು ಅಫಿಡವಿಟ್ಟಿನಲ್ಲಿ ತಿಳಿಸಬೇಕು. ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕು ಎಂಬುದು ಅದರ ಮುಖ್ಯಾಂಶ.

ಇದು ನಮಗೆ ಅನ್ವಯಿಸುವುದೇ ಎಂಬ ಶಂಕೆ ಬೇಡ. 1955ರ ಹಿಂದೂ ವಿವಾಹ ಕಾಯಿದೆಯ 2ನೆಯ ಕಲಮು ಜೈನರನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಅದು ಜೈನರಿಗೆ ಸಲ್ಲದೆಂದ ಇಂದೋರಿನ ಕುಟುಂಬ ನ್ಯಾಯಾಲಯದ ಆದೇಶವನ್ನು ಮಧ್ಯಪ್ರದೇಶ ಹೈಕೋರ್ಟು 2025ರಲ್ಲಿ ರದ್ದುಪಡಿಸಿತು.

ತೀರ್ಪಿನ ಗುಣವನ್ನು ಮನ್ನಿಸಿಯೂ ಒಂದು ಮಿತಿಯನ್ನು ಹೇಳಲೇಬೇಕು. ಆಸ್ತಿಯ ಬೆಲೆಯನ್ನು ಮೊದಲು ಬರೆಯುವ ಕೈ ಒಡೆಯನದೇ. ರಾಗಿಗುಡ್ಡದ ನಿವೇಶನವನ್ನು ಮಾರುವಾಗ ಪೇಟೆಯ ಬೆಲೆ ಹೇಳುವವನು, ಪತ್ನಿಯ ಜೀವನಾಂಶದ ಲೆಕ್ಕಕ್ಕೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಹಿಡಿದರೆ, ಅವನಲ್ಲಿ ಎರಡು ತಕ್ಕಡಿಗಳಿವೆ ಎಂದೇ ಅರ್ಥ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೀನಾಧಿಕಮಾನೋನ್ಮಾನವನ್ನು ಅಚೌರ್ಯವ್ರತದ ಅತಿಚಾರವೆಂದೂ, ಕೂಟಲೇಖಕ್ರಿಯೆಯನ್ನು ಸತ್ಯವ್ರತದ ಅತಿಚಾರವೆಂದೂ ಎಣಿಸಿದೆ. ಬರಬೇಕಾದ ಬಾಕಿಯನ್ನು ಮರೆಸಿ, ಅಣ್ಣತಮ್ಮಂದಿರ ಹೆಸರಿನಲ್ಲಿ ಇಲ್ಲದ ಕೈಸಾಲವನ್ನು ಬರೆಯುವುದು ಇನ್ನೇನು? ಬ್ಯಾಂಕಿನಲ್ಲಿ ಸಾಲ ಕೇಳುವಾಗ ಒಪ್ಪಿಸಿದ ಅಢಾವೆ ಪತ್ರಿಕೆಯನ್ನೇ ನ್ಯಾಯಾಲಯಕ್ಕೂ ಒಪ್ಪಿಸಬಲ್ಲೆನೇ ಎಂದು ವರ್ತಕನು ತನ್ನನ್ನು ಕೇಳಿಕೊಳ್ಳಲಿ.

ಸ್ತ್ರೀಧನದ ಮಾತು ಇನ್ನೂ ಸ್ಪಷ್ಟ. ಅದು ಪತ್ನಿಯ ಸ್ವಂತ ಸ್ವತ್ತು, ಪತಿಯ ವಶದಲ್ಲಿದ್ದರೂ ಅವನದಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿತು. ನಮ್ಮ ಶಾಸ್ತ್ರದ ಮಾತಿನಲ್ಲಿ ಅದು ನ್ಯಾಸ. ಇಟ್ಟವರಿಗೆ ಕಡಿಮೆ ಹಿಂತಿರುಗಿಸುವುದು ನ್ಯಾಸಾಪಹಾರ. ಚಿನ್ನವನ್ನು ತೂಕಕ್ಕೆ ತೂಕವಾಗಿ ಕೊಡಬೇಕೇ ಹೊರತು ಮದುವೆಯ ವರ್ಷದ ರಸೀದಿಯ ದರದಂತಲ್ಲ.

ಕಾಯಿದೆಯು ಎಲ್ಲವನ್ನೂ ಹೇಳುವುದಿಲ್ಲ. 27ನೆಯ ಕಲಮು ಮದುವೆಯ ಸಂದರ್ಭದಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳನ್ನಷ್ಟೇ ಕುರಿತದ್ದು. ಇಬ್ಬರ ದುಡಿಮೆಯಿಂದ ಪತಿಯ ಹೆಸರಿನಲ್ಲಿ ಎದ್ದ ಮನೆಯಲ್ಲಿ ಪತ್ನಿಗೆ ಪಾಲನ್ನು ಅದು ವಿಧಿಸದು. ಅಲ್ಲಿ ವ್ರತವೇ ಮಾತನಾಡಬೇಕು. ಈ ನಿಯಮ ಏಕಪಕ್ಷೀಯವೂ ಅಲ್ಲ. 24 ಮತ್ತು 25ನೆಯ ಕಲಮುಗಳು ಪತಿಗೂ ಜೀವನಾಂಶ ಕೇಳುವ ಹಕ್ಕನ್ನಿತ್ತಿವೆ. ತನ್ನ ಸಂಬಳವನ್ನು ಮುಚ್ಚಿಡುವ ಪತ್ನಿಗೂ ದೋಷ ತಪ್ಪದು.

ಕಡೆಯದಾಗಿ ವಿಶ್ವಸ್ತ ಮಂಡಳಿಗಳಿಗೆ ಒಂದು ವಿಜ್ಞಾಪನೆ. ವ್ಯಾಜ್ಯದ ನಡುವೆ ಆಸ್ತಿಯನ್ನು ಬಸದಿಗೆ ಬರೆದುಕೊಟ್ಟು ಅದನ್ನು ಅಪರಿಗ್ರಹವೆಂದು ಕರೆಯುವವರಿಂದ ದಾನವನ್ನು ಸ್ವೀಕರಿಸುವ ಮುನ್ನ ವಿಚಾರಿಸಿರಿ. ಅನ್ಯರ ಪಾಲು ಸಂದ ಬಳಿಕ ಉಳಿದುದರಲ್ಲಿ ಮಾತ್ರ ದಾನದ ಪುಣ್ಯವುಂಟು.