ಬ್ಯಾಂಡಿಗೆ ಬೇಕಾದ ಖರ್ಜ

ಹೋದ ಬೇಸಿಗೆ ಸಿಂಧನೂರಿನಲ್ಲಿ ಒಂದು ಮದುವೆ. ಹನುಮಪ್ಪನ ಗುಡಿಯಿಂದ ಕಲ್ಯಾಣಮಂಟಪಕ್ಕೆ ಮದುಮಗನ ಮೆರವಣಿಗೆ ಹೊರಟಿತ್ತು. ಮುಂದೆ ಬ್ಯಾಂಡಿನವರು, ಹಿಂದೆ ಟ್ರ್ಯಾಕ್ಟರಿನ ಟ್ರಾಲಿ ಮೇಲೆ ಡಿಜೆ. ಬ್ಯಾಂಡು ಹಳೆಯ ಸಿನಿಮಾ ಹಾಡು ನುಡಿಸುವಾಗ ಹಿರಿಯರು ಹತ್ತಿರ ನಿಂತು ತಲೆದೂಗಿದರು. ಡಿಜೆ ಶುರುವಾಯಿತು ನೋಡಿ, ಎದೆಗೂಡು ಅದುರಿತು, ಹುಡುಗರೆಲ್ಲ ಹಿಂದಕ್ಕೆ ಓಡಿದರು. ಬ್ಯಾಂಡಿನವರು ವಾದ್ಯ ಕೆಳಗಿಳಿಸಿ, ಟೋಪಿ ತೆಗೆದು ಬೆವರು ಒರೆಸಿಕೊಂಡರು. ‘ಅದರ ಸಪ್ಪಳದ ಮುಂದ ನಮ್ದೇನು ನಡೀತದರಿ’ ಎಂದ ಟ್ರೊಂಬೋನ್ ಹಿಡಿದವ.

ಸಪ್ಪಳದ ಮಾತು ನಿಜ. ಆದರೆ ಬ್ಯಾಂಡು ಸೋತದ್ದಕ್ಕೆ ಸಪ್ಪಳವೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಹುಡುಗರನ್ನು ಎಳೆದದ್ದು ಡಿಜೆಯ ತಳದ ದನಿ, ನೆಲದಿಂದ ಕಾಲಿಗೆ ಏರಿ ಬರುವ ಆ ಮಂದ್ರ. ಆವತ್ತಿನ ಬ್ಯಾಂಡಿನಲ್ಲಿ ಎರಡು ಟ್ರಂಪೆಟ್, ಒಂದು ಕ್ಲಾರಿನೆಟ್, ಒಂದು ಯುಫೋನಿಯಂ, ಒಂದು ಟ್ರೊಂಬೋನ್ ಇದ್ದವು. ಐದೂ ವಾದ್ಯಗಳು ಒಂದೇ ಹಾಡನ್ನು ಮೇಲು ಮತ್ತು ನಡು ಸ್ಥಾಯಿಯಲ್ಲೇ ಹೊತ್ತು ನಡೆದಿದ್ದವು. ಕೆಳಗೆ ದೊಡ್ಡ ಡ್ರಮ್ಮಿನ ಪೆಟ್ಟು ಬಿಟ್ಟರೆ ಯಾವ ಸ್ವರವೂ ಇರಲಿಲ್ಲ. ಮಾಳಿಗೆ ಇದೆ, ಪಾಯ ಇಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಹಲವು ವರ್ಷ ಮದುವೆ, ಜಾತ್ರೆಗಳಲ್ಲಿ ಬ್ಯಾಂಡು ಕೇಳಿದ ಮೇಲೆ, ನಮ್ಮ ಬ್ಯಾಂಡು ಕಲಿಕೆಯ ದೊಡ್ಡ ಕೊರತೆ ಇದೇ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ತಗ್ಗು ಸ್ವರ ಹಿಡಿಯುವುದನ್ನು ನಾವು ಯಾರಿಗೂ ಕಲಿಸುತ್ತಿಲ್ಲ.

ಕೊರತೆ ಹೇಳುವ ಮೊದಲು ಇವರ ಕಸುವನ್ನೂ ಹೇಳಬೇಕು. ಹಿತ್ತಾಳೆ ವಾದ್ಯಗಳು ನಮ್ಮ ದೇಶಕ್ಕೆ ಬಂದದ್ದು ದಂಡಿನ ಬ್ಯಾಂಡುಗಳ ಜತೆ. ಲಿಂಗಸುಗೂರಿನಲ್ಲೂ ಒಂದು ಕಾಲಕ್ಕೆ ಹೈದರಾಬಾದ್ ಕಾಂಟಿಂಜೆಂಟ್ ಸೈನ್ಯದ ಛಾವಣಿ ಇತ್ತು. ದಂಡಿನಲ್ಲಿ ಕಾಗದ ನೋಡಿ ನುಡಿಸುತ್ತಿದ್ದ ವಾದ್ಯವನ್ನು ನಮ್ಮವರು ಕಿವಿಯಿಂದ ಕಲಿತರು. ಮೀರತ್‌ನಲ್ಲಿ ತಯಾರಾದ ಸಾಧಾರಣ ವಾದ್ಯವನ್ನೇ ಹಿಡಿದು, ಹೊಸ ಹಾಡೊಂದನ್ನು ಮೊಬೈಲಿನಲ್ಲಿ ನಾಲ್ಕು ಸಲ ಕೇಳಿ ಸಂಜೆಯ ಮೆರವಣಿಗೆಗೆ ನುಡಿಸಬಲ್ಲವರು ಇವರು. ಹೊಲದ ಕೆಲಸ ಮುಗಿಸಿ ಬಂದು ರಾತ್ರಿ ನಾಲ್ಕು ತಾಸು ನಡೆಯುತ್ತಲೇ ಊದುವ ದಮ್ಮು ಇವರದು. ನೆನಪು, ಕಿವಿ, ದಮ್ಮು ಈ ಮೂರರಲ್ಲೂ ಇವರನ್ನು ಕಡಿಮೆ ಎನ್ನುವಂತಿಲ್ಲ. ಆದರೆ ಮೂರೂ ಖರ್ಚಾಗುತ್ತಿರುವುದು ಏರುದನಿಗೆ ಮಾತ್ರ.

ತಗ್ಗು ಸ್ವರ ಯಾಕೆ ಕಷ್ಟ ಎಂಬುದು ಲಿಂಗಸುಗೂರಿನ ಒಂದು ಬ್ಯಾಂಡಿನ ತಾಲೀಮು ಕೋಣೆಯಲ್ಲಿ ನನಗೆ ಕಣ್ಣಾರೆ ಕಂಡಿತು. ಶಟರ್ ಅರ್ಧ ಎಳೆದ ಸಣ್ಣ ಕೋಣೆ. ಗೋಡೆಗೆ ಜರಿ ಕೋಟುಗಳು, ಮೂಲೆಯಲ್ಲಿ ಹಾರ್ಮೋನಿಯಂ. ಟ್ರೊಂಬೋನಿನ ಹುಡುಗನಿಗೆ ‘ಎಷ್ಟು ಕೆಳಗಿಳಿಯಬಲ್ಲೆ, ಇಳಿದು ತೋರಿಸು’ ಎಂದೆ. ಸರಳು ಪೂರ್ತಿ ಒಳಗಿದ್ದಾಗ ಅವನ ವಾದ್ಯದ ಸ್ವರ ಹಾರ್ಮೋನಿಯಂನ ಕಪ್ಪು ಐದು, ಅಂದರೆ ಐದನೆಯ ಕಪ್ಪು ಮನೆ. ಸರಳು ಹೊರಗೆಳೆದಂತೆ ಅರ್ಧರ್ಧ ಸ್ವರ ಇಳಿಯಿತು. ಏಳನೆಯ ಸ್ಥಾನ, ಕೈ ಪೂರ್ತಿ ಚಾಚಿದ ಜಾಗ: ಬಿಳಿ ಮೂರು. ಅಲ್ಲಿಗೆ ದಾರಿ ಮುಗಿಯಿತು. ಅದರ ಕೆಳಗಿನ ಕಪ್ಪು ಎರಡು, ಬಿಳಿ ಎರಡು, ಕಪ್ಪು ಒಂದು, ಬಿಳಿ ಒಂದು, ಬಿಳಿ ಏಳು, ಈ ಐದು ಮನೆಗಳು ಆ ಕೊಳವೆಯಲ್ಲಿ ಇಲ್ಲವೇ ಇಲ್ಲ. ಐದನ್ನೂ ದಾಟಿದರೆ ಮತ್ತೆ ತಳದ ಕಪ್ಪು ಐದು ಸಿಗುತ್ತದೆ. ಅದನ್ನು ಪೆಡಲ್ ಸ್ವರ ಎನ್ನುತ್ತಾರೆ. ಮೂರು ಗುಂಡಿಯ ಟ್ರೊಂಬೋನ್, ಮೂರು ಗುಂಡಿಯ ಯುಫೋನಿಯಂ ತೆಗೆದುಕೊಂಡರೂ ಇದೇ ಕಂದಕ ಎದುರಾಗುತ್ತದೆ.

ಕಂದಕ ಬಿದ್ದಿರುವ ಜಾಗ ನೋಡಿ. ನಮ್ಮ ಕಡೆ ಗಂಡಸು ಹಾಡುಗಾರರು ಹೆಚ್ಚಾಗಿ ಹಿಡಿಯುವ ಸುತಿ ಕಪ್ಪು ಒಂದರ ಆಸುಪಾಸು. ಅವರ ತಂಬೂರಿಯ ಖರ್ಜದ, ಅಂದರೆ ತಳದ ‘ಸಾ’ದ, ತಂತಿ ಮಿಡಿದಾಗ ಸೆಕೆಂಡಿಗೆ ಸುಮಾರು 69 ಕಂಪನ. ಟ್ರೊಂಬೋನಿನಲ್ಲಿ ಕಾಣೆಯಾದ ಐದು ಸ್ವರಗಳು ಸುಮಾರು 62ರಿಂದ 78 ಕಂಪನಗಳ ನಡುವೆ ಬರುತ್ತವೆ. ನಮ್ಮ ಸಂಗೀತ ಯಾವ ಸ್ವರವನ್ನು ತಾಯಿಸ್ವರವೆಂದು ಕೂರಿಸಿದೆಯೋ, ಅದೇ ಈ ವಾದ್ಯದಲ್ಲಿ ಬರಿದು.

ಜರ್ಮನಿಯ ಲೈಪ್ಜಿಗ್‌ನಲ್ಲಿ ಕ್ರಿಶ್ಚಿಯನ್ ಫ್ರೀಡ್ರಿಖ್ ಸಾಟ್ಲರ್ ಎಂಬ ವಾದ್ಯಗಾರ 1839ರಲ್ಲಿ ಈ ಕಂದಕಕ್ಕೆ ಒಂದು ಉಪಾಯ ಹೂಡಿದ. ಹೆಬ್ಬೆರಳಿನ ಕೀಲಿಯೊಂದನ್ನು ಒತ್ತಿದರೆ ಉಸಿರು ಇನ್ನೊಂದು ಸುರುಳಿ ಕೊಳವೆ ಸುತ್ತಿ ಬರುವಂತೆ ಮಾಡಿದ. ಆಗ ಬಿಳಿ ಒಂದರವರೆಗೆ ಇಳಿಯಬಹುದು. ಬಿಳಿ ಏಳಕ್ಕೆ ಎರಡನೆಯ ಕೀಲಿ ಬೇಕು. ಇಂದಿನ ಬೇಸ್ ಟ್ರೊಂಬೋನಿನಲ್ಲಿ ಎರಡೂ ಇರುತ್ತವೆ. ಅದರ ಮೂಲ ಕೊಳವೆ ಮಾಮೂಲಿ ಟ್ರೊಂಬೋನಿನಷ್ಟೇ ಉದ್ದ, ಸುಮಾರು 9 ಅಡಿ. ಒಳಗಿನ ಅಗಲ, ಬಾಯಿಗಿಡುವ ಬಟ್ಟಲು, ಮುಂದಿನ ಹೂವು ದೊಡ್ಡವು. ಅಮೆರಿಕದಲ್ಲಿ ಸ್ಟ್ಯಾನ್ ಕೆಂಟನ್ ತಂಡದ ಜಾರ್ಜ್ ರಾಬರ್ಟ್ಸ್ ಈ ವಾದ್ಯವನ್ನು ಹಾಡುಗಾರನ ದನಿಯಂತೆ ನುಡಿಸಿ ಹೆಸರಾದರು. ತಗ್ಗು ಸ್ವರ ಎಂದರೆ ಗುಟುರು ಹಾಕುವುದು ಎಂಬ ತಪ್ಪು ತಿಳಿವಳಿಕೆ ಅವರ ನುಡಿಸಾಣಿಕೆ ಕೇಳಿದವರಿಗೆ ಉಳಿಯುವುದಿಲ್ಲ.

ಕೀಲಿ ದಾರಿ ತೆರೆಯುತ್ತದೆ, ಅಷ್ಟೆ. ಸ್ವರ ಹುಟ್ಟುವುದು ತುಟಿಯಲ್ಲಿ, ಉಸಿರಿನಲ್ಲಿ. ಆ ಹುಡುಗ ಕೆಳಗಿಳಿಯುವಾಗ ಮಾಡಿದ ತಪ್ಪನ್ನು ಬಹುಪಾಲು ಎಲ್ಲರೂ ಮಾಡುತ್ತಾರೆ. ಸ್ವರ ಸಿಗದಿದ್ದಾಗ ವಾದ್ಯವನ್ನು ತುಟಿಗೆ ಇನ್ನಷ್ಟು ಒತ್ತಿದ, ಕೆನ್ನೆ ಉಬ್ಬಿಸಿದ, ಜೋರಾಗಿ ಊದಿದ. ಸ್ವರ ಹರಿದು ಪರಪರ ಸದ್ದಾಯಿತು. ಉಸಿರಿನಲ್ಲಿ ಎರಡು ಬಗೆ. ಒಲೆ ಊದುವಾಗ ಊದುಗೊಳವೆಗೆ ಕೊಡುವ ಉಸಿರು ಸಣ್ಣ, ಚೂಪು, ತಂಪು. ಏರುದನಿಗೆ ಅದು ಸರಿ. ಕನ್ನಡಕ ಒರೆಸುವ ಮೊದಲು ಗಾಜಿಗೆ ‘ಹಾ’ ಎಂದು ಹಾಯಿಸುವ ಉಸಿರು ಅಗಲ, ನಿಧಾನ, ಬಿಸಿ. ತಗ್ಗು ಸ್ವರ ಕೇಳುವುದು ಈ ಉಸಿರನ್ನು, ಅದೂ ಹೊಟ್ಟೆ ತುಂಬ. ದವಡೆ ಇಳಿಯಬೇಕು, ಹಲ್ಲಿನ ಸಾಲುಗಳ ನಡುವೆ ಜಾಗ ಬಿಡಬೇಕು, ಬಾಯೊಳಗೆ ‘ಓ’ ಎನ್ನುವ ಗುಮ್ಮಟ ಕಟ್ಟಬೇಕು. ತುಟಿಯ ಎರಡು ಅಂಚು ಬಿಗಿ ಇರಬೇಕು, ನಡುಭಾಗ ಮಾತ್ರ ಸಡಿಲಬೇಕು. ಎಲ್ಲವನ್ನೂ ಸಡಿಲ ಬಿಟ್ಟರೆ ಸ್ವರ ಜೋತುಬೀಳುತ್ತದೆ.

ಈ ಅಭ್ಯಾಸ ನಮಗೆ ಹೊಸದಲ್ಲ. ಬೆಳಗಿನ ಜಾವ ಎದ್ದು ತಂಬೂರಿ ಮುಂದೆ ಕೂತು, ಷಡ್ಜದಿಂದ ಮೆಲ್ಲಗೆ ನಿಷಾದ, ಧೈವತ, ಪಂಚಮ ಎಂದು ಕೆಳಗಿಳಿದು ಒಂದೊಂದರ ಮೇಲೂ ಉಸಿರು ಮುಗಿಯುವವರೆಗೆ ನಿಲ್ಲುವ ಖರ್ಜ ಸಾಧನೆ ಹಿಂದೂಸ್ತಾನಿ ಗಾಯಕರ ಮೊದಲ ಪಾಠ. ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ಸಂಗೀತವನ್ನು ಹಳ್ಳಿಹಳ್ಳಿಯ ಹುಡುಗರಿಗೆ ಮುಟ್ಟಿಸಿದೆ. ನಮ್ಮದೇ ರಾಯಚೂರು ಜಿಲ್ಲೆ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರಂಥ ಗಾಯಕರನ್ನು ಕೊಟ್ಟಿದೆ. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಮಂದ್ರದಲ್ಲಿ ಮಾಗಿದ ಕಂಠಕ್ಕೆ ತಾರಸ್ಥಾಯಿಯಲ್ಲೂ ತೂಕ ಬರುತ್ತದೆ ಎಂದು ನಮ್ಮ ಗುರುಗಳು ಹೇಳುತ್ತ ಬಂದಿದ್ದಾರೆ. ಬೇಸ್ ಟ್ರೊಂಬೋನ್ ಕಲಿಸುವವರೂ ಹೇಳುವುದು ಇದನ್ನೇ: ದೀರ್ಘ ಸ್ವರ, ಮೆಲುದನಿ, ಕೈಗೆಟುಕುವ ಸ್ವರದಿಂದ ಅರ್ಧರ್ಧ ಹೆಜ್ಜೆ ಕೆಳಗೆ, ಊದಿದಷ್ಟೇ ಹೊತ್ತು ವಿಶ್ರಾಂತಿ. ಮೇಲಾಗಿ ಸರಳಿನ ಟ್ರೊಂಬೋನಿಗೆ ಮೀಂಡ್ ಹುಟ್ಟಿನಿಂದಲೇ ಬಂದ ಗುಣ. ಒಂದು ಸ್ವರದಿಂದ ಇನ್ನೊಂದಕ್ಕೆ ಎಣ್ಣೆ ಹರಿದಂತೆ ಜಾರುವುದು ಗುಂಡಿಯ ವಾದ್ಯಕ್ಕೆ ಅಷ್ಟು ಸುಲಭವಲ್ಲ. ಮನೆಯಲ್ಲೇ ಇದ್ದ ಇಷ್ಟು ವಿದ್ಯೆ ಬ್ಯಾಂಡಿನ ತಾಲೀಮಿಗೆ ಬರದೇ ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಖಾನಾವಳಿ ಮೇಲಿನ ಸಂಗೀತ ಪಾಠಶಾಲೆಯವರೂ ಕೆಳಗಿನ ಶಟರಿನ ಬ್ಯಾಂಡಿನವರೂ ಒಂದೇ ಬೀದಿಯಲ್ಲಿ ಇದ್ದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲಿಲ್ಲ.

‘ನಮ್ಮ ಹಾಡಿಗೆ ಬೇಸ್ ಯಾಕೆ, ನಮ್ಮದು ಒಂಟಿ ರಾಗದ ಸಂಗೀತ’ ಎಂದು ಆ ತಾಲೀಮು ಕೋಣೆಯಲ್ಲಿದ್ದ ಒಬ್ಬ ಹಿರಿಯ ಕ್ಲಾರಿನೆಟ್ ವಾದಕರು ನನ್ನನ್ನು ಕೇಳಿದರು. ತೂಕದ ಪ್ರಶ್ನೆ ಅದು. ಪಾಶ್ಚಾತ್ಯರ ಹಾಗೆ ಸ್ವರಗುಚ್ಛ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಸನಾದಿಯ ಮೇಳದಲ್ಲಿ ಒಬ್ಬ ಹಾಡು ನುಡಿಸಿದರೆ ಇನ್ನೊಬ್ಬ ಬರೀ ಸುತಿ ಹಿಡಿದು ನಿಲ್ಲುತ್ತಾನೆ. ಅವನಿಲ್ಲದೆ ಮೇಳ ಏಳುವುದಿಲ್ಲ. ಬ್ಯಾಂಡು ಬಂದಾಗ ಸನಾದಿಯ ಹಾಡು ಟ್ರಂಪೆಟಿಗೆ ಹೋಯಿತು, ಸುತಿಯವನ ಜಾಗಕ್ಕೆ ಯಾರೂ ಬರಲಿಲ್ಲ. ಅಂಬಾಮಠದ ಜಾತ್ರೆಯಲ್ಲಿ ಡೊಳ್ಳು, ಮುದಗಲ್ಲಿನ ಮೊಹರಂನಲ್ಲಿ ಹಲಗೆ ಕೇಳಿ ಬೆಳೆದ ಜನ ನಾವು. ತಳದ ನಾದಕ್ಕೆ ನಮ್ಮ ಮೈ ಹಸಿದೇ ಇದೆ. ಆ ಹಸಿವಿಗೆ ಬ್ಯಾಂಡು ಉಣಿಸಲಿಲ್ಲ, ಡಿಜೆ ಉಣಿಸಿತು.

ದುಬಾರಿ ಬೇಸ್ ಟ್ರೊಂಬೋನ್ ಎಲ್ಲಿಂದ ತರೋಣ ಎಂಬುದು ಎರಡನೆಯ ಪ್ರಶ್ನೆ. ಮೈಸೂರು ದಸರೆಯಲ್ಲಿ ಅರಮನೆ ಮುಂದೆ ನುಡಿಸುವ ಪೊಲೀಸ್ ಬ್ಯಾಂಡಿನ ಸವಲತ್ತು ಮಸ್ಕಿಯ ಬ್ಯಾಂಡಿಗೆ ಇಲ್ಲ. ಇದಕ್ಕೆ ಉತ್ತರ ಅದೇ ತಾಲೀಮು ಕೋಣೆಯಲ್ಲಿ ಸಿಕ್ಕಿತು. ಕಪ್ಪು ಐದನ್ನೇ ‘ಸಾ’ ಎಂದು ಇಟ್ಟುಕೊಳ್ಳಿ. ಮಾಮೂಲಿ ಟ್ರೊಂಬೋನಿನ ಆರನೆಯ ಸ್ಥಾನದಲ್ಲಿ ಮಂದ್ರದ ‘ಪ’ ಸಿಗುತ್ತದೆ. ಕಂದಕದ ಆಚೆ ದಂಡೆಯ ಪೆಡಲ್ ಸ್ವರವೇ ಖರ್ಜದ ‘ಸಾ’, ಸುಮಾರು 58 ಕಂಪನ. ನಡುವಿನ ಮ, ಗ, ರಿ ಸಿಗದಿರಬಹುದು. ಸುತಿಗೆ ಅವು ಬೇಕಾಗಿಲ್ಲ. ತಂಬೂರಿಗೆ ಬೇಕಾದ ಸಾ, ಪ ಎರಡೂ ಮೀರತ್‌ನ ಆ ಹಳೆಯ ಕೊಳವೆಯೊಳಗೇ ಇವೆ. ಹಾಡುಗಾರನ ಕಪ್ಪು ಒಂದಕ್ಕೆ ಜತೆಗೂಡಬೇಕಾದಾಗ ಕೀಲಿಯ ವಾದ್ಯ ಬೇಕೇ ಬೇಕು. ಮೆರವಣಿಗೆಗೆ ಅಲ್ಲಿಯತನಕ ಕಾಯಬೇಕಾಗಿಲ್ಲ.

ಅದನ್ನೇ ಹುಡುಗನಿಗೆ ಹೇಳಿದೆ. ಒತ್ತಬೇಡ, ಕನ್ನಡಕಕ್ಕೆ ಉಸಿರು ಹಾಯಿಸಿದ ಹಾಗೆ ಬಿಡು ಎಂದೆ. ಮೂರು ಸಲ ಬರೀ ಗಾಳಿ ಬಂತು. ನಾಲ್ಕನೆಯ ಸಲ ಸಣ್ಣಗೆ, ನಡುಗುತ್ತ, ಖರ್ಜದ ‘ಸಾ’ ಬಂದು ನಿಂತಿತು. ಎಳೆದಿದ್ದ ಅರ್ಧ ಶಟರಿನ ತಗಡು ಗುಂಯ್ ಎಂದಿತು. ಕ್ಲಾರಿನೆಟಿನ ಹಿರಿಯರು ಏನೂ ಹೇಳದೆ ವಾದ್ಯ ಎತ್ತಿಕೊಂಡು, ಆ ಸುತಿಯ ಮೇಲೆ ಭೂಪಾಲಿಯ ನಾಲ್ಕು ಸ್ವರ ಇಟ್ಟರು. ಹಾಡು ಕೂತುಕೊಳ್ಳಲು ಜಾಗ ಸಿಕ್ಕಿತ್ತು. ಹುಡುಗನ ಉಸಿರು ಎಂಟೆಣಿಸುವಷ್ಟರಲ್ಲಿ ಮುಗಿಯಿತು. ‘ನಾಳೆ ಹತ್ತು ಎಣಿಸೋಣು’ ಎಂದರು ಹಿರಿಯರು.