ಬಾಲ್ಜಾಕನ ‘ಹಳ್ಳಿಯ ವೈದ್ಯ’: ಶ್ರದ್ಧೆಯೂ ದಾರಿದ್ರ್ಯವೂ

ಫ್ರೆಂಚ್ ಕಾದಂಬರಿಕಾರನಾದ ಒನೊರೆ ದ ಬಾಲ್ಜಾಕನು (1799–1850) 1833ರಲ್ಲಿ ಪ್ರಕಟಿಸಿದ ‘ಹಳ್ಳಿಯ ವೈದ್ಯ’ವು ಕಥಾಸಂವಿಧಾನದ ದೃಷ್ಟಿಯಿಂದ ಆತನ ಶ್ರೇಷ್ಠಕೃತಿಗಳ ಸಾಲಿಗೆ ಸೇರತಕ್ಕುದಲ್ಲ. ಘಟನೆಗಳು ವಿರಳ, ಸಂಭಾಷಣೆಗಳು ದೀರ್ಘ, ಕೆಲವೆಡೆ ಅವು ರಾಜನೀತಿಯ ಉಪನ್ಯಾಸಗಳೇ ಆಗಿವೆ. ಆದರೂ ಬೆಟ್ಟದ ಹಳ್ಳಿಯ ಬಡತನದ ಮುಂದೆ ಕ್ರೈಸ್ತಶ್ರದ್ಧೆಯು ಮಾಡಬೇಕಾದುದೇನೆಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿರುವುದರಿಂದ ಅದು ವಿಚಾರಾರ್ಹವಾಗಿದೆ.

ಕಥೆ ನಡೆಯುವುದು 1829ರಲ್ಲಿ, ಆಲ್ಪ್ಸ್ ಸೀಮೆಯ ಗ್ರಾಂಡ್ ಶಾರ್ತ್ರೂಸ್ ಮಠದ ಸಮೀಪದ ಕಣಿವೆಯಲ್ಲಿ. ವೈದ್ಯ ಬೆನಾಸಿಸನು ಯೌವನದಲ್ಲಿ ತನ್ನನ್ನು ನಂಬಿದ ತರುಣಿಯೊಬ್ಬಳನ್ನು ತೊರೆದವನು. ಆಕೆ ಸತ್ತಳು, ಆಕೆಯ ಮಗನೂ ಉಳಿಯಲಿಲ್ಲ. ಪಾಪಭಾರದಿಂದ ಕುಗ್ಗಿದ ಅವನು ಮೊದಲು ಆ ಮೌನವ್ರತಿಗಳ ಮಠವನ್ನು ಸೇರಲೆಳಸಿ, ಬಳಿಕ ಅಂಥ ಪ್ರಾಯಶ್ಚಿತ್ತದಿಂದ ಲೋಕಕ್ಕೆ ಫಲವಿಲ್ಲವೆಂದು ಬಗೆದು, ಹಾಳುಬಿದ್ದ ಹಳ್ಳಿಯೊಂದರಲ್ಲಿ ನೆಲಸುತ್ತಾನೆ. ರೋಗಿಗಳನ್ನು ನೋಡುವುದರೊಡನೆ ಊರಿನ ಆಡಳಿತವನ್ನೂ ವಹಿಸಿಕೊಂಡು, ಬುಟ್ಟಿ ಹೆಣೆಯುವ ಕಸುಬನ್ನು ನೆಲೆಗೊಳಿಸಿ, ಹಳ್ಳಿಗರಿಂದಲೇ ರಸ್ತೆಯನ್ನು ಮಾಡಿಸುತ್ತಾನೆ. ದಾರಿದ್ರ್ಯದ ಮೂಲವು ದಾನದ ಕೊರತೆಯಲ್ಲ, ದಾರಿಯ ಮತ್ತು ದುಡಿಮೆಯ ಕೊರತೆಯೆಂದು ಕಂಡುಕೊಂಡುದೇ ಅವನ ಹಿರಿಮೆ. ಪಶ್ಚಾತ್ತಾಪವನ್ನು ಲೋಕೋಪಯೋಗಿಯಾದ ಕಾರ್ಯವಾಗಿ ಪರಿವರ್ತಿಸಿದುದು ಕೃತಿಯ ನಿಜವಾದ ಸತ್ತ್ವ.

ಕೃತಿಯ ಅತ್ಯಂತ ಕಠಿನವಾದ ಭಾಗ ‘ಕ್ರೆಟಿನ್’ ರೋಗಿಗಳದು. ದೇಹವೂ ಬುದ್ಧಿಯೂ ಬೆಳೆಯದ ಈ ದುರ್ದೈವಿಗಳನ್ನು ಬೆನಾಸಿಸನು ಊರಿನ ಕೇಡೆಂದೆಣಿಸಿ, ರಾತ್ರಿಯ ವೇಳೆ ಗುಟ್ಟಾಗಿ ಬೇರೆಡೆಗೆ ಸಾಗಿಸಿರುತ್ತಾನೆ. ಹಳ್ಳಿಗರಾದರೋ ಅವರನ್ನು ಮನೆಗೆ ಶುಭವನ್ನು ತರುವ ಮುಗ್ಧರೆಂದು ಪ್ರೀತಿಸಿದವರು. ಉಳಿದ ಕೊನೆಯವನು ಸಾಯುವಾಗ ಪಾದ್ರಿ ಝಾನ್ವಿಯೆಯು ಅಂತ್ಯಸಂಸ್ಕಾರವನ್ನು ನೀಡುತ್ತಾನೆ. ಜನ ನೆರೆದು ಪ್ರಾರ್ಥಿಸುತ್ತಾರೆ. ಹಳ್ಳಿಯು ಗಾಳಿಬಿಸಿಲಿಲ್ಲದ ತಗ್ಗಿನಲ್ಲಿದ್ದುದನ್ನೇ ವೈದ್ಯನು ಈ ರೋಗದೊಡನೆ ಗಂಟುಹಾಕುತ್ತಾನೆ. ಬೆಟ್ಟದ ಸೀಮೆಗಳಲ್ಲಿ ಅದಕ್ಕೆ ಮುಖ್ಯ ಕಾರಣ ಅಯೊಡಿನ್ನಿನ ಅಭಾವವೆಂಬುದು ಇಂದು ತಿಳಿದ ವಿಷಯ. ಸ್ವಿಟ್ಜರ್ಲೆಂಡಿನಲ್ಲಿ 1922ರಿಂದ ಅಯೊಡಿನ್ ಬೆರೆಸಿದ ಉಪ್ಪಿನ ಬಳಕೆ ಮೊದಲಾಯಿತು. ವೈದ್ಯಶಾಸ್ತ್ರದ ಈ ತಪ್ಪು ಕಾಲಧರ್ಮವೆಂದು ಕ್ಷಮ್ಯ. ಆದರೆ ಅಸಹಾಯನಾದ ಮನುಷ್ಯನನ್ನು ದೂರವಿಡುವ ಸುಧಾರಣೆ ಧರ್ಮವೆನಿಸೀತೆ? ಈ ಸಂದರ್ಭದಲ್ಲಿ ಕ್ರೈಸ್ತಕಾರುಣ್ಯವು ವೈದ್ಯನ ಪಕ್ಷಕ್ಕಿಂತ ಆ ಅಜ್ಞಜನರ ಪಕ್ಷದಲ್ಲಿಯೇ ಹೆಚ್ಚಾಗಿ ತೋರುವುದು. ಬಾಲ್ಜಾಕನು ವೈದ್ಯನನ್ನು ಸಮರ್ಥಿಸಿದರೂ ಜನರ ದುಃಖವನ್ನು ಮರೆಮಾಚಲಿಲ್ಲ; ಅಲ್ಲಿ ಕಾದಂಬರಿಕಾರನು ರಾಜನೀತಿಜ್ಞನನ್ನು ಗೆದ್ದಿದ್ದಾನೆ.

ಈ ದೋಷದ ಬೇರು ಆಳವಾದುದು. 1842ರ ‘ಮಾನವ ಪ್ರಹಸನ’ದ ಮುನ್ನುಡಿಯಲ್ಲಿ ಬಾಲ್ಜಾಕನು ಧರ್ಮವನ್ನೂ ರಾಜತ್ವವನ್ನೂ ತನ್ನ ಬರಹದ ಎರಡು ಬೆಳಕುಗಳೆಂದು ಸಾರಿದನು. ಧರ್ಮವು ಜನರನ್ನು ಕ್ರಮದಲ್ಲಿರಿಸುವ ಸಾಧನವೆಂಬ ಭಾವನೆ ಪ್ರಕೃತ ಕೃತಿಯಲ್ಲಿಯೂ ಹರಡಿದೆ. ಆದುದರಿಂದ ಹಳ್ಳಿಗರು ಬಹುಮಟ್ಟಿಗೆ ಉಪಕೃತರಾಗಿಯೇ ಉಳಿಯುತ್ತಾರೆ.

ಚರಿತ್ರೆಯೊಂದರೊಡನೆ ಹೋಲಿಸಿದಲ್ಲಿ ಈ ಕೊರತೆ ಸ್ಪಷ್ಟವಾಗುವುದು. ವೋಜ್ ಬೆಟ್ಟಗಳ ಬಾನ್ ದ ಲ ರೋಶ್ ಕಣಿವೆಯಲ್ಲಿ 1767ರಿಂದ 1826ರಲ್ಲಿ ತೀರಿಕೊಳ್ಳುವವರೆಗೆ ಪಾದ್ರಿಯಾಗಿದ್ದ ಓಬರ್ಲಿನ್ನನು ತಾನೇ ಗುದ್ದಲಿ ಹಿಡಿದು, ಒಕ್ಕಲಿಗರೊಡನೆ ರಸ್ತೆ ಸೇತುವೆಗಳನ್ನು ಕಟ್ಟಿದನು. ಹಳ್ಳಿಯ ಹೆಂಗಸರೇ ಅಲ್ಲಿ ಮಕ್ಕಳಿಗೆ ಹೆಣಿಗೆಯನ್ನೂ ಪಾಠವನ್ನೂ ಕಲಿಸಿದರು. ಅವರಲ್ಲೊಬ್ಬಳಾದ ರೈತಕನ್ಯೆ ಲೂಯಿಸ್ ಶೆಪ್ಲರಳಿಗೆ ಫ್ರೆಂಚ್ ಅಕಾಡೆಮಿಯು, ಬೆನಾಸಿಸನ ಕಥೆ ನಡೆಯುವ 1829ರಲ್ಲಿಯೇ, ಸದ್ಗುಣದ ಪಾರಿತೋಷಕವನ್ನಿತ್ತಿತು.

ಕಾದಂಬರಿಯ ಕೊನೆಯಲ್ಲಿ ಬೆನಾಸಿಸನು ಸಾಯುತ್ತಾನೆ. ಊರೇ ಕೂಡಿ ಅವನ ಗೋರಿಯ ಮೇಲೆ ಮಣ್ಣನ್ನೊಟ್ಟುತ್ತದೆ. ಆ ಚಿತ್ರ ಹೃದಯಸ್ಪರ್ಶಿಯಾದುದು. ಆದರೆ ಅವನ ಕೆಲಸವನ್ನು ಮುಂದುವರಿಸಬಲ್ಲ ಹಳ್ಳಿಗನೊಬ್ಬನನ್ನು ಬಾಲ್ಜಾಕನು ಸೃಷ್ಟಿಸಲಿಲ್ಲ. ಓಬರ್ಲಿನ್ನನ ಕಣಿವೆಯಲ್ಲಿ ಅಂಥವಳು ಇದ್ದಳು. ಬಡವರ ಸೇವೆಯಾಗಿ ತೊಡಗಿದ ಶ್ರದ್ಧೆಯು ಬಡವರದೇ ಶಕ್ತಿಯಾಗಿ ಪರಿಣಮಿಸದಿದ್ದರೆ ಅದು ಅಪೂರ್ಣವೆಂಬ ತತ್ತ್ವವನ್ನು ಈ ಗ್ರಂಥವು ತನ್ನ ಗುಣದಿಂದ ಅರ್ಧವನ್ನೂ, ತನ್ನ ಕೊರತೆಯಿಂದ ಉಳಿದರ್ಧವನ್ನೂ ಬೋಧಿಸುತ್ತದೆ.