ದೀಪಸ್ತಂಭದ ಪ್ರಣಯ, ಬಯಲುಸೀಮೆಯ ಚರಿತ್ರೆ

ನೀರಿನ ನಡುವೆ ಒಂದು ನಡುಗಡ್ಡೆ, ಅದರ ಮೇಲೊಂದು ದೀಪಸ್ತಂಭ, ದೀಪ ಕಾಯುವವನ ಮಗಳು, ಬಿರುಗಾಳಿಗೆ ಸಿಕ್ಕ ಹಡಗಿನಿಂದ ದಡ ಸೇರುವ ಅಪರಿಚಿತ. ಪಶ್ಚಿಮದ ಕ್ರೈಸ್ತ ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಕಾಣುವ ಏರ್ಪಾಡು ಇದು. 1979ರಲ್ಲಿ ಬಂದ ಜಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್ಲಿ’ ಈ ಪ್ರಕಾರಕ್ಕೆ ದೊಡ್ಡ ಓದುಗ ವರ್ಗವನ್ನೇ ಕಟ್ಟಿಕೊಟ್ಟಿತು. ಆಮೇಲೆ ಜೋಡಿ ಹೆಡ್ಲಂಡ್ ಮಿಷಿಗನ್ ಸೀಮೆಯ ದೀಪಸ್ತಂಭಗಳನ್ನೇ ಹಿಡಿದು ಒಂದು ಮಾಲೆ ಬರೆದರು. ಇಲ್ಲಿ ನಡುಗಡ್ಡೆ ಬರೀ ಚೆಲುವಿಗಾಗಿ ಬರುವುದಿಲ್ಲ, ಅದಕ್ಕೊಂದು ಕೆಲಸವಿದೆ. ಅದು ಊರನ್ನು ಅಳಿಸಿಹಾಕುತ್ತದೆ. ಜಾತಿ, ಸಾಲ, ಹೊಲದ ಬದು, ನೆರೆಮನೆಯ ಬಾಯಿ ಇವೆಲ್ಲ ಆಚೆ ದಡದಲ್ಲಿ ಉಳಿದು, ಈಚೆಗೆ ಎರಡು ಜೀವ ಮತ್ತು ದೇವರು ಮಾತ್ರ ಉಳಿಯುತ್ತಾರೆ. ಗಂಟು ಬಿಗಿಯಾದಾಗ ಬಿಡಿಸಲು ದೈವಕೃಪೆ ಸಿದ್ಧವಾಗಿರುತ್ತದೆ. ರೋಣ ತಾಲೂಕಿನ ಜಕ್ಕಲಿಯಂಥ ಎರೆಭೂಮಿಯ ಊರಿನ ಓದುಗನಿಗೆ ಇದು ವಿಚಿತ್ರವಾಗಿ ಕಂಡರೆ ತಪ್ಪಿಲ್ಲ. ಅಲ್ಲಿ ಪ್ರೀತಿಯಾಗಲಿ, ಮತ ಬದಲಿಸುವುದಾಗಲಿ ಓಣಿಯ ಕಣ್ಣೆದುರೇ ಆಗಬೇಕು. ಮಠ, ಸಂತೆ, ಬೀಗರು ಎಲ್ಲರೂ ಅದರಲ್ಲಿ ಪಾಲುದಾರರು. ಐತಿಹಾಸಿಕ ಎಂಬ ಹೆಸರಿಟ್ಟುಕೊಂಡ ಕಾದಂಬರಿ ಊರನ್ನು ಬಿಟ್ಟುಕೊಟ್ಟರೆ ಅದರ ಕೈಯಲ್ಲಿ ಉಳಿಯುವುದು ಚರಿತ್ರೆಯ ಉಡುಪು ಮಾತ್ರ ಎಂಬುದು ನನ್ನ ವಾದ. ಕರ್ನಾಟಕದ ಕ್ರೈಸ್ತ ಕಥನವನ್ನು ಈ ಕಣ್ಣಿನಿಂದ ನೋಡಬೇಕಾಗಿದೆ.

ನಡುಗಡ್ಡೆಯ ದೀಪಸ್ತಂಭ ನಮ್ಮಲ್ಲೂ ಉಂಟು. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ ಬ್ರಿಟಿಷರು 1864ರಲ್ಲಿ ಕಟ್ಟಿಸಿದ್ದು ಅದು. ಆದರೆ ನಮ್ಮ ಕ್ರೈಸ್ತ ಐತಿಹಾಸಿಕ ಕಾದಂಬರಿಯ ನಿಜವಾದ ದ್ವೀಪ ಕಾವೇರಿಯ ನಡುವಿನ ಶ್ರೀರಂಗಪಟ್ಟಣ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ 1784ರಲ್ಲಿ ಕರಾವಳಿಯ ಕ್ಯಾಥೋಲಿಕರನ್ನು ಹಿಡಿಸಿ ಘಟ್ಟ ಹತ್ತಿಸಿದ. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ. ಎಷ್ಟು ಜನ ಸೆರೆಯಾದರು ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಇಂದಿಗೂ ಒಮ್ಮತವಿಲ್ಲ. ಈ ಹದಿನೈದು ವರ್ಷಗಳನ್ನು ಕಾದಂಬರಿಯಾಗಿಸಿದವರಲ್ಲಿ ದೊಡ್ಡ ಹೆಸರು ವಿ.ಜೆ.ಪಿ. ಸಲ್ಡಾನ್ಹಾ. ‘ಬೆಳ್ತಂಗಡಿಚೊ ಬಾಲ್ತಜಾರ್’, ‘ದೆವಾಚೆ ಕುರ್ಪೆನ್’, ‘ಸರ್ದಾರಾಂಚಿ ಸಿನೊಲ್’ ಮೊದಲಾದವು ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ ಬಂದವು. 1938ರಲ್ಲಿ ಶುರುವಾದ ‘ರಾಕ್ಣೊ’ದಂಥ ವಾರಪತ್ರಿಕೆಗಳು ಬೆಳೆಸಿದ ಓದುಗರು ಈ ಭಾಷೆಯ ಕಥನಕ್ಕೆ ಇದ್ದರು. ಇಷ್ಟಾದರೂ ಅದೇ ಲಿಪಿಯನ್ನು ಓದುವ ನಾವು ಘಟ್ಟದ ಮೇಲಿನವರು ಈ ಪುಸ್ತಕಗಳತ್ತ ಕಣ್ಣು ಹಾಯಿಸಿದ್ದು ಬಲು ಕಡಿಮೆ. ಇದು ನಮ್ಮ ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಈ ಪರಂಪರೆಯ ಸಾಧನೆ ಸಣ್ಣದಲ್ಲ. ದಂಡನಾಯಕರ ಪತ್ರಗಳಲ್ಲಿ ಬರೀ ಸಂಖ್ಯೆಯಾಗಿದ್ದ ಜನರಿಗೆ ಅದು ಮನೆತನ, ಊರು, ಮುಖ ಕೊಟ್ಟಿತು. ಆದರೆ ಸೆರೆವಾಸ ಎಂಬ ವಸ್ತುವಿನಲ್ಲೇ ಒಂದು ಸೆಳೆತವಿದೆ. ಸಮುದಾಯದ ನೆನಪಿನ ಪ್ರಕಾರ ಅದು ಶುರುವಾದದ್ದು ಬೂದಿ ಬುಧವಾರದಂದು, ಮುಗಿದದ್ದು ಬಿಡುಗಡೆಯಲ್ಲಿ. ತಪಸ್ಸು ಕಾಲದಿಂದ ಈಸ್ಟರ್‌ವರೆಗಿನ ಆಕಾರವನ್ನು ಚರಿತ್ರೆಯೇ ತಯಾರಿಸಿಟ್ಟಂತಿದೆ. ಆ ಆಕಾರಕ್ಕೆ ಒಲಿದ ಕಥೆಗಾರನಿಗೆ ನಂಬಿಕೆ ಪರೀಕ್ಷೆಯಾಗುತ್ತದೆ, ಪ್ರೇಮ ಬಹುಮಾನವಾಗುತ್ತದೆ, ಶತ್ರು ಬರೀ ಶತ್ರುವಾಗಿಯೇ ಉಳಿಯುತ್ತಾನೆ. ಆಕಾರದ ಹೊರಗೆ ಉಳಿಯುವ ಸಂಗತಿಗಳೇ ಹೆಚ್ಚು ತೊಡಕಿನವು: ಮತ ಬದಲಿಸಿ ಅಲ್ಲೇ ಬಾಳು ಕಟ್ಟಿಕೊಂಡವರು, ಸುಲ್ತಾನನ ಸೈನ್ಯದಲ್ಲೇ ದುಡಿದವರು, ಮರಳಿ ಬಂದಾಗ ತಮ್ಮ ಗದ್ದೆ ತೋಟಗಳಲ್ಲಿ ಬೇರೆಯವರು ಉಳುತ್ತಿದ್ದುದನ್ನು ಕಂಡವರು. ಪ್ರಣಯ ಕಥೆ ಮರಳಿ ಬರುವಲ್ಲಿಗೆ ಮುಗಿಯುತ್ತದೆ. ಗದ್ದೆ ಯಾರದೆಂಬ ಜಗಳ ಅಲ್ಲಿಂದಲೇ ಶುರು, ಚರಿತ್ರೆಯೂ ಅಲ್ಲಿಂದಲೇ ಶುರು.

ಇದು ಕ್ರೈಸ್ತರದ್ದೇ ಕುಂದು ಎನ್ನುವವರು ನಮ್ಮ ಮನೆಯ ಹಿತ್ತಲನ್ನೂ ನೋಡಬೇಕು. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದಿನ ಚಟ ಹಿಡಿಸಿದ ಗಳಗನಾಥರೂ ಹೀಗೇ ಬರೆದರು. ವಿಜಯನಗರದ ಸ್ಥಾಪನೆಯನ್ನು ಹೇಳುವ ತಮ್ಮ ಕಾದಂಬರಿಗೆ ಅವರು ಇಟ್ಟ ಹೆಸರು ‘ಮಾಧವ ಕರುಣಾ ವಿಲಾಸ’. ಅಲ್ಲಿ ಕರುಣೆ, ಸಲ್ಡಾನ್ಹಾ ಅವರಲ್ಲಿ ಕುರ್ಪಾ, ಅಂದರೆ ಕೃಪೆ. ಎರಡೂ ಕಡೆ ರಾಜ್ಯವನ್ನೋ ಜನವನ್ನೋ ಎತ್ತುವ ಕೈ ಮೇಲಿನದೇ. ಗಳಗನಾಥರ ಕೋಟೆಗೂ ದೀಪಸ್ತಂಭದ ದ್ವೀಪಕ್ಕೂ ಇರುವ ಅಂತರ ಅಂಥ ದೊಡ್ಡದೇನಲ್ಲ. ಕೋಟೆಯ ಗೋಡೆಯ ಹೊರಗಿನ ಒಕ್ಕಲಿಗ ಎರಡರಲ್ಲೂ ಕಾಣುವುದಿಲ್ಲ.

ನೋವುಂಡ ಸಮುದಾಯಕ್ಕೆ ಸಾಂತ್ವನ ಬೇಡವೇ, ದೇವರ ಕೃಪೆಯನ್ನು ನಂಬಿದವರು ಕಥೆಯಲ್ಲೂ ಅದನ್ನು ಕಂಡರೆ ತಪ್ಪೇನು ಎಂದು ಕೇಳಬಹುದು. ತಪ್ಪೇನೂ ಇಲ್ಲ. ಕೃಪೆ ಪಾತ್ರದ ನಂಬಿಕೆಯಾಗಿದ್ದರೆ ಅದೂ ಚರಿತ್ರೆಯ ಭಾಗವೇ. ಲೇಖಕನ ಅನುಕೂಲವಾದಾಗ ಮಾತ್ರ ಕೃತಿ ಸೊರಗುತ್ತದೆ. ಇದಕ್ಕೆ ಕೊಡಗಿನ ಗೌರಮ್ಮನ ಬಾಳು ಒಳ್ಳೆಯ ನಿದರ್ಶನ. ಪದಚ್ಯುತ ದೊರೆ ಚಿಕವೀರರಾಜೇಂದ್ರನ ಈ ಮಗಳಿಗೆ 1852ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. ಸ್ವತಃ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಗೌರಮ್ಮನಂತೆಯೇ ಕ್ರೈಸ್ತನಾದ ಪಂಜಾಬಿನ ದುಲೀಪ್ ಸಿಂಗ್‌ಗೆ ಅವಳನ್ನು ಕೊಡಬೇಕೆಂದು ರಾಣಿ ಬಯಸಿದಳು. ಪ್ರಣಯ ಕಾದಂಬರಿಗೆ ಇದಕ್ಕಿಂತ ಹದವಾದ ಕಥಾವಸ್ತು ಎಲ್ಲಿ ಸಿಗಬೇಕು? ಆದರೆ ದುಲೀಪ್ ಸಿಂಗ್ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತು, 1864ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡಳು. ಅವಳ ನಂಬಿಕೆ ನಿಜವಿದ್ದೀತು. ಅದರ ಸುತ್ತ ಸಾಮ್ರಾಜ್ಯದ ಲೆಕ್ಕಾಚಾರವೂ ಅಷ್ಟೇ ನಿಜ. 1956ರ ‘ಚಿಕವೀರರಾಜೇಂದ್ರ’ದಲ್ಲಿ ಮಾಸ್ತಿಯವರು ಅರಸ, ಮಂತ್ರಿ, ರೆಸಿಡೆಂಟ್, ಪ್ರಜೆ ಎಲ್ಲರ ಹೊಣೆಯನ್ನೂ ತೂಗಿದರು. ಅರಮನೆಯನ್ನು ದ್ವೀಪವಾಗಲು ಬಿಡದೆ ಇದ್ದುದೇ ಆ ಕಾದಂಬರಿಯ ಬಲ.

ಕ್ರೈಸ್ತ ಲೇಖಕರೊಬ್ಬರು ದ್ವೀಪದ ಕಲ್ಪನೆಯನ್ನು ತಲೆಕೆಳಗು ಮಾಡಿದ್ದು ಸಾಗರದ ನಾ. ಡಿಸೋಜ ಅವರಲ್ಲಿ ಕಾಣುತ್ತದೆ. ಅವರ ‘ದ್ವೀಪ’ದ ಗಣಪಯ್ಯ, ನಾಗವೇಣಿ ಕ್ರೈಸ್ತರಲ್ಲ, ಕೃತಿ ಪ್ರಣಯ ಕಥೆಯೂ ಅಲ್ಲ. ಶರಾವತಿಗೆ ಅಣೆಕಟ್ಟು ಬಂದು ನೀರು ಏರಿದಾಗ ಅವರ ಮನೆಯೇ ನಡುಗಡ್ಡೆಯಾಗುತ್ತದೆ. ಪಶ್ಚಿಮದ ಮಾದರಿಯಲ್ಲಿ ದ್ವೀಪ ಚರಿತ್ರೆಯಿಂದ ತಪ್ಪಿಸಿಕೊಳ್ಳುವ ಜಾಗ. ಇಲ್ಲಿ ಚರಿತ್ರೆಯೇ, ಅಂದರೆ ಸರ್ಕಾರದ ಯೋಜನೆ ಮತ್ತು ಪರಿಹಾರದ ಕಾಗದಗಳೇ, ದ್ವೀಪವನ್ನು ಮಾಡುತ್ತವೆ. ಈ ಕಥನದಿಂದ ಕ್ರೈಸ್ತ ಐತಿಹಾಸಿಕ ಕಾದಂಬರಿ ಕಲಿಯುವುದು ಬಹಳವಿದೆ.

ಬಯಲುಸೀಮೆಯಲ್ಲಿ ಅದಕ್ಕೆ ವಸ್ತುವಿನ ಬರವಿಲ್ಲ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂತು. ಅದೇ ಹೊತ್ತಿಗೆ ಗದುಗಿನ ಬಳಿಯ ಮಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಒಂದು ಬೇಸಾಯದ ವಸಾಹತು ಕಟ್ಟಲು ಹೊರಟಿತು. ಕಾಲಜ್ಞಾನದ ವಚನಗಳನ್ನು ನಂಬಿ ಮಿಷನರಿಗಳತ್ತ ಬಂದ ಜನರೂ, ಅವರಿಂದ ಬೇರೇನನ್ನೋ ಬಯಸಿದ ಮಿಷನರಿಗಳೂ ಪರಸ್ಪರ ಅರಿಯಲಾರದೆ ಆ ಪ್ರಯತ್ನ ಕೈಗೂಡಲಿಲ್ಲ. ಆ ಜನ ನೆಲ, ನೆಂಟಸ್ತಿಕೆ, ಗುರುಮನೆ ಯಾವುದನ್ನೂ ಬಿಟ್ಟು ಹಾರಿ ಬಂದವರಲ್ಲ. ಬಾವಿ ಯಾರದು, ಹೆಣ್ಣು ಕೊಡುವವರಾರು, ಸತ್ತರೆ ಹೂಳುವುದೆಲ್ಲಿ ಎಂಬ ಪ್ರಶ್ನೆಗಳನ್ನು ನಿತ್ಯ ಎದುರಿಸಿದವರು. 1876ರ ಧಾತು ಬರಗಾಲ ಈ ಪ್ರಶ್ನೆಗಳನ್ನು ಇನ್ನಷ್ಟು ಕ್ರೂರವಾಗಿಸಿತು. ಇದೇ ಮಿಷನ್ನಿನ ಪರಿಸರದಿಂದ ಬಂದ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಒಟ್ಟುಗೂಡಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಯೇಸುವನ್ನು ಬಿಡದೆ ಸರ್ವಜ್ಞನನ್ನು ಹುಡುಕಿಕೊಂಡು ಹೋದ ಅಂಥ ಮನಸ್ಸಿಗೆ ದೀಪಸ್ತಂಭದ ಏಕಾಂತ ಸಾಲದು. ಅದನ್ನು ಹಿಡಿಯಲು ಸಂತೆ, ಮಠ, ಇಗರ್ಜಿ ಮೂರೂ ಒಂದೇ ಪುಟದಲ್ಲಿರುವ ಕಾದಂಬರಿ ಬೇಕು. ಗದುಗಿನ ಸೀಮೆಯ ಕಾದಂಬರಿಕಾರರು ಮಲಸಮುದ್ರದಿಂದಲೇ ಕೆಲಸ ಶುರುಮಾಡಬಹುದು. ಸಲ್ಡಾನ್ಹಾ ಅವರ ಕೃತಿಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ಅಕಾಡೆಮಿಗಳು ಅದರ ಜೊತೆಗೇ ಕೈಗೆತ್ತಿಕೊಳ್ಳಲಿ.